ಬಾಗಿಲ ಮುಂದೆ ಕೂತವರು

ಚಳ್ಳಕೆರೆಯ ನೆಹರು ವೃತ್ತ ಇನ್ನೂ ಇನ್ನೂರು ಮಾರು ಇರುವಾಗಲೇ ಬಸ್ಸು ನಿಂತಿತು. ಡ್ರೈವರ್ ಎಂಜಿನ್ ಆಫ್ ಮಾಡಿ ಸ್ಟಿಯರಿಂಗ್ ಮೇಲೆ ಮೊಣಕೈ ಊರಿದ. ಎಂಜಿನ್ನೇ ಆಫ್ ಆಯಿತೆಂದರೆ ಮುಂದೆ ನಡೆದಿರುವುದು ಸಣ್ಣ ಜಗಳವಲ್ಲ ಎಂದು ಲೆಕ್ಕ. ದೂರದಿಂದ ತಮಟೆ ಸದ್ದು ಬರುತ್ತಿತ್ತು. ಯಾವುದೋ ಊರಿನ ದೇವರು ಹೊರಟಿರಬೇಕು ಅಂದುಕೊಂಡೆ.

‘ದೇವ್ರಲ್ಲ ಸಾರ್, ಸ್ಟ್ರೈಕು. ಹತ್ತು ನಿಮಿಷ ಅಷ್ಟೇ, ತಾಲ್ಲೂಕು ಆಫೀಸಿಗೆ ಹೋಗಿ ಮನವಿ ಕೊಟ್ಬಿಟ್ಟು ಹೋಗ್ತಾರೆ’ ಎಂದ ಕಂಡಕ್ಟರ್. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ರೈಲ್ವೆ ಗೇಟು ಬಿದ್ದಿದೆ ಎನ್ನುವಾಗ ಇರುತ್ತದಲ್ಲ, ಆ ದನಿ. ಪಕ್ಕದ ಸೀಟಿನ ಹೆಂಗಸು ಚೀಲದಿಂದ ಮಂಡಕ್ಕಿ ತೆಗೆದಳು. ನಾನು ಮೊಳಕಾಲ್ಮುರಿಗೆ ಹೊರಟವನು, ಅವಸರವಿರಲಿಲ್ಲ. ಇಳಿದು ಮೆರವಣಿಗೆಯ ಹಿಂದೆ ನಡೆದೆ.

ಸುಮಾರು ನೂರು ಜನ. ಅರ್ಧಕ್ಕರ್ಧ ಹಸಿರು ಟವೆಲ್‌ಗಳು, ಉಳಿದವರು ಹೆಂಗಸರು. ಮುಂದೆ ಮೈಕು ಕಟ್ಟಿದ ಆಟೊ. ಶೇಂಗಾ ಬೆಳೆ ವಿಮೆಯ ಹಣ ಬಂದಿಲ್ಲ ಎನ್ನುವುದು ದೂರು. ಒಬ್ಬ ಅಜ್ಜಿ ಬೇರುಸಹಿತ ಕಿತ್ತು ತಂದಿದ್ದ ಶೇಂಗಾ ಗಿಡವನ್ನು ಕೂಸಿನಂತೆ ಎದೆಗೆ ಒತ್ತಿಕೊಂಡು ನಡೆಯುತ್ತಿದ್ದಳು. ನಾನು ನೋಡುತ್ತಿರುವುದನ್ನು ನೋಡಿ ಗಿಡ ಮುಂದೆ ಹಿಡಿದಳು. ಇಡೀ ಗಿಡಕ್ಕೆ ಎರಡೇ ಕಾಯಿ. ಒಂದನ್ನು ಹೆಬ್ಬೆರಳಲ್ಲಿ ಒತ್ತಿ ಬಿಡಿಸಿದಳು. ಒಳಗೆ ಬೀಜದ ಜಾಗದಲ್ಲಿ ಕಂದು ಸಿಪ್ಪೆ, ಪೂರಾ ಜೊಳ್ಳು. ಇನ್ನೊಂದನ್ನು ಒಡೆಯಲಿಲ್ಲ. ‘ಇದು ಸಾಹೇಬ್ರಿಗೆ’ ಎಂದಳು.

ಆಮೇಲೆ ನಡೆದದ್ದೆಲ್ಲ ಅಲ್ಲಿದ್ದವರಿಗೆಲ್ಲ ಬಾಯಿಪಾಠವಾಗಿದ್ದ ಆಟದಂತೆ ನಡೆಯಿತು. ಕಚೇರಿಯ ಮೆಟ್ಟಿಲ ಮುಂದೆ ಎಲ್ಲರೂ ಕೂತರು. ‘ಬೇಕೇ ಬೇಕು’ ಎಂದು ಒಬ್ಬ ಕೂಗಿದ, ‘ನ್ಯಾಯ ಬೇಕು’ ಎಂದು ಉಳಿದವರು ಎತ್ತಿಕೊಂಡರು. ಮೂರು ಭಾಷಣ. ಅಧಿಕಾರಿ ಬಾಗಿಲಿಗೆ ಬಂದರು. ಮನವಿಯನ್ನು ಮೊದಲು ಗಟ್ಟಿಯಾಗಿ ಓದಿ, ಆಮೇಲೆ ಕೈಗಿತ್ತರು; ಕೊಡುವ ಕೈ, ತೆಗೆದುಕೊಳ್ಳುವ ಕೈ ಎರಡೂ ಕಾಗದದ ಮೇಲಿರುವಾಗಲೇ ಫೋಟೊ. ಸರ್ಕಾರದ ಗಮನಕ್ಕೆ ತರುತ್ತೇನೆ ಎಂಬ ಮಾತು. ಅಜ್ಜಿ ಎರಡನೇ ಕಾಯಿಯನ್ನು ಒಡೆದು ತೋರಿಸಿದಳು. ಎಲ್ಲ ಮುಗಿದು ಜನ ಎದ್ದು ಸೀರೆ, ಪಂಚೆ ಕೊಡವಿಕೊಳ್ಳುತ್ತಿದ್ದಾಗ ಮುಂದಾಳು ಒಳಗೆ ಹೋಗಿ, ಮನವಿಯ ಇನ್ನೊಂದು ಪ್ರತಿಯ ಮೇಲೆ ಕಚೇರಿಯ ಸೀಲು ಹಾಕಿಸಿಕೊಂಡು ಬಂದ. ಅದನ್ನು ಪ್ಲಾಸ್ಟಿಕ್ ಕವರಿನೊಳಗೆ ಇಟ್ಟು, ಕವರನ್ನು ಅಂಗಿಯೊಳಗೆ ಇಟ್ಟುಕೊಂಡ. ಇಡೀ ಬೆಳಗಿನಲ್ಲಿ ಅವನು ಅಷ್ಟು ಜೋಪಾನವಾಗಿ ಮಾಡಿದ ಕೆಲಸ ಬೇರೊಂದಿರಲಿಲ್ಲ.

ಪರದೇಶಗಳ ಸರ್ಕಾರಗಳು ತಮ್ಮ ಪ್ರವಾಸಿಗಳಿಗೆ ಕೊಡುವ ಸೂಚನಾಪಟ್ಟಿಯಲ್ಲಿ ತಪ್ಪದೆ ಒಂದು ಸಾಲಿರುತ್ತದೆ: ಪ್ರತಿಭಟನೆ ಕಂಡರೆ ದೂರವಿರಿ. ಕಲ್ಲು ಎಲ್ಲಿಂದ ಬರುತ್ತದೋ ಹೇಳಲಾಗದು, ನಿಜ. ಆದರೆ ಒಂದು ನಾಡಿನ ಗುಡಿ ನೋಡಿ, ಊಟ ಮಾಡಿ, ಅದು ಸಿಟ್ಟಾಗುವುದು ಹೇಗೆಂದು ನೋಡದೆ ಬಂದವನಿಗೆ ಆ ನಾಡು ಅರ್ಧ ಮಾತ್ರ ಸಿಕ್ಕಂತೆ. ಬ್ಯೂನಸ್ ಐರಿಸ್‌ನಲ್ಲಿ ಕಾಣೆಯಾದ ಮಕ್ಕಳ ತಾಯಂದಿರು 1977ರಲ್ಲಿ ಮೇ ಚೌಕಕ್ಕೆ ಬಂದರು. ನಿಂತು ಗುಂಪುಗೂಡುವಂತಿಲ್ಲ ಎಂದು ಪೊಲೀಸರು ಗದರಿದ್ದಕ್ಕೆ, ನಿಲ್ಲದೆ ಸುತ್ತು ಹಾಕತೊಡಗಿದರು. ತಲೆಗೆ ಬಿಳಿ ವಸ್ತ್ರ, ಪ್ರತಿ ಗುರುವಾರ. ನಮ್ಮವರ ಕಣ್ಣಿಗೆ ಅದು ಪ್ರದಕ್ಷಿಣೆಯಾಗಿಯೇ ಕಾಣುತ್ತದೆ. 1971ರ ಡಿಸೆಂಬರಿನಲ್ಲಿ ಚಿಲಿಯ ಸಾಂತಿಯಾಗೊದಲ್ಲಿ ಹೆಂಗಸರು ಖಾಲಿ ಪಾತ್ರೆ ಬಡಿಯುತ್ತ ಬೀದಿಗಿಳಿದರು. ಬಡಿದವರು ಬಹುಪಾಲು ಉಳ್ಳವರ ಮನೆಯವರು, ಅದು ಬೇರೆ ಕಥೆ. ಆದರೂ ಮೊಳಕಾಲ್ಮುರಿನ ಯಾವುದೋ ಹಟ್ಟಿಯ ಹೆಂಗಸರು ಪಂಚಾಯಿತಿ ಕಚೇರಿಯ ಮುಂದೆ ಖಾಲಿ ಕೊಡ ಸಾಲಿಟ್ಟು ಕೂತ ಚಿತ್ರ ಪತ್ರಿಕೆಯಲ್ಲಿ ಬಂದಾಗಲೆಲ್ಲ ನನಗೆ ಚಿಲಿ ನೆನಪಾಗುತ್ತದೆ. ಅಲ್ಲಿ ಪಾತ್ರೆ ಸದ್ದು ಮಾಡಿತು, ಇಲ್ಲಿ ಕೊಡ ಸುಮ್ಮನೆ ಬಾಯಿ ತೆರೆದು ಕೂರುತ್ತದೆ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಸೀಮೆ ಇದು. ಬಂದ ನೀರಿಗೂ ಫ್ಲೋರೈಡಿನ ಕಾಟ. ಇಲ್ಲಿ ಖಾಲಿ ಕೊಡಕ್ಕೆ ಬರಹದ ಫಲಕ ಬೇಕಾಗುವುದಿಲ್ಲ.

ನಮ್ಮ ಪ್ರತಿಭಟನೆಯ ಹುಟ್ಟೂರು ಬೀದಿಯಲ್ಲ, ಬಾಗಿಲು. ಧರಣಿ ಎಂದು ನಾವೀಗ ಕರೆಯುವುದರ ಹಳೆಯ ರೂಪ ಸಾಲದ್ದು. ಕೊಟ್ಟ ಹಣ ಬರದಿದ್ದರೆ, ಸಾಲ ಕೊಟ್ಟವನು ಸಾಲಗಾರನ ಮನೆ ಬಾಗಿಲಲ್ಲಿ ಅನ್ನ ಬಿಟ್ಟು ಕೂರುತ್ತಿದ್ದ. ಬಾಗಿಲಲ್ಲಿ ಒಬ್ಬ ಉಪವಾಸ ಕೂತಿರುವಾಗ ಒಳಗಿನವರಿಗೆ ತುತ್ತು ಇಳಿಯಬೇಕಲ್ಲ! ಕೂತವನು ಸತ್ತರಂತೂ ಪಾಪ ಹೊಸ್ತಿಲು ದಾಟಿ ಒಳಗೇ ಬರುತ್ತದೆ. ಬ್ರಿಟಿಷರಿಗೆ ಇದು ಎಷ್ಟು ತಲೆನೋವಾಗಿತ್ತೆಂದರೆ, 1860ರ ದಂಡ ಸಂಹಿತೆಯ 508ನೇ ಕಲಮಿನಲ್ಲಿ ದೈವದ ಅವಕೃಪೆಯ ಭಯ ಹುಟ್ಟಿಸಿ ಕೆಲಸ ಮಾಡಿಸಿಕೊಳ್ಳುವುದನ್ನು ಅಪರಾಧವೆಂದರು. ಅದಕ್ಕೆ ಕೊಟ್ಟ ಮೊದಲ ಉದಾಹರಣೆಯೇ ಇನ್ನೊಬ್ಬನ ಬಾಗಿಲಲ್ಲಿ ಧರಣಿ ಕೂರುವವನದು. ಒಂದು ವರ್ಷದವರೆಗೆ ಸಜೆ. ತೊಂಬತ್ತು ವರ್ಷದ ಮೇಲೆ ಬಂದ ನಮ್ಮ ಸಂವಿಧಾನ, 19ನೇ ವಿಧಿಯಲ್ಲಿ, ಶಾಂತಿಯಿಂದ ಆಯುಧವಿಲ್ಲದೆ ಸಭೆ ಸೇರುವುದನ್ನು ಹಕ್ಕು ಮಾಡಿತು. ಆದರೂ ಧರಣಿ ಕೂರುವವರ ಒಳಮನಸ್ಸಿನಲ್ಲಿ ಓಡುವುದು ಹಳೆಯ ಲೆಕ್ಕವೇ: ನೀನು ಕೊಡಬೇಕಾದ್ದಿದೆ, ನಾನು ನಿನ್ನ ಬಾಗಿಲಲ್ಲಿದ್ದೇನೆ, ಹೊರಗೆ ಬಾ.

ಈ ಸೀಮೆಯಲ್ಲಿ ಇನ್ನೊಂದು ಎಳೆಯೂ ಕೂಡಿಕೊಂಡಿದೆ. ಅದು ಜಾತ್ರೆಯದು. ಚಳ್ಳಕೆರೆ ತಾಲ್ಲೂಕಿನ ಗೌರಸಮುದ್ರದ ಮಾರಮ್ಮನ ಜಾತ್ರೆ ಶ್ರಾವಣ ಕಳೆದ ಮೇಲೆ ಬರುತ್ತದೆ. ಆಂಧ್ರದ ಕಡೆಯಿಂದಲೂ ಜನ ಬರುತ್ತಾರೆ. ಹರಕೆ ಹೊತ್ತವರು ದೇವಿಯತ್ತ ಈರುಳ್ಳಿ ತೂರುತ್ತಾರೆ. ತಾವು ಬೆಳೆದದ್ದು, ಒಳ್ಳೆಯದು, ಗಟ್ಟಿ ಗೆಡ್ಡೆ. ಅದೇ ಈರುಳ್ಳಿಯ ದರ ಬಿದ್ದ ವರ್ಷ ಅದೇ ರೈತರು ಟ್ರ್ಯಾಕ್ಟರಿನಲ್ಲಿ ಈರುಳ್ಳಿ ತಂದು ರಸ್ತೆಗೆ ಸುರಿಯುತ್ತಾರೆ. ಬಯಲುಸೀಮೆಯ ಪತ್ರಿಕಾ ವರದಿಗಾರರು ಇದನ್ನು ‘ಆಕ್ರೋಶ’ ಎಂದು ಬರೆಯುತ್ತಾರೆ. ಆಕ್ರೋಶ ಹೌದು. ಆದರೆ ಸುರಿಯುವ ಆ ಕೈಗೆ ತೂರಿ ಅಭ್ಯಾಸವಿದೆ. ದೇವಿಯ ಮುಂದೆ ತೂರಿದರೆ ಹರಕೆ ತೀರಿತು. ಸರ್ಕಾರದ ಮುಂದೆ ಸುರಿದರೆ ಹರಕೆ ಈಗ ಹೊತ್ತಂತಾಯಿತು.

ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ತೇರು ಎಳೆಯುವ ಜನ, ಹಗ್ಗ ಹಿಡಿಯುವ ಮೊದಲು ಯಾರು ಎಲ್ಲಿ ನಿಲ್ಲಬೇಕೆಂದು ಯಾರನ್ನೂ ಕೇಳುವುದಿಲ್ಲ. ಮೆರವಣಿಗೆಯಲ್ಲೂ ಹಾಗೆ. ತಮಟೆಯವರು ಮುಂದೆ, ಹೆಂಗಸರು ಅವರ ಹಿಂದೆ, ಗಂಡಸರು ಅಂಚಿಗೆ, ಘೋಷಣೆ ಎತ್ತುವವನು ನಡುವೆ. ಮುಗಿದ ಮೇಲೆ ಚಿತ್ರಾನ್ನದ ಪೊಟ್ಟಣವೋ ಮಜ್ಜಿಗೆಯೋ ಇದ್ದೇ ಇರುತ್ತದೆ. ಹೊರಗಿನವನು ಇದನ್ನು ನೋಡಿ ಇವರಿಗೆ ನಿಜವಾಗಿ ಸಿಟ್ಟಿಲ್ಲ, ಕಾಟಾಚಾರ ಎಂದುಕೊಂಡಾನು. ಸಿಟ್ಟನ್ನು ನಾಲ್ಕು ಗಂಟೆ ಹೊತ್ತು ಒಂದೇ ಸಮನೆ ಹೊರುವುದಕ್ಕೆ ಒಂದು ಕ್ರಮ ಬೇಕು. ಅದಿಲ್ಲದಿದ್ದರೆ ಅದು ಮೊದಲ ಹತ್ತು ನಿಮಿಷದಲ್ಲೇ ಗಾಜು ಒಡೆದು ಮನೆಗೆ ಹೋಗುತ್ತದೆ.

ಕಾಟಾಚಾರವೂ ಇಲ್ಲದಿಲ್ಲ ಎನ್ನಿ. ಎಂಟು ಜನರ ಸಂಘ, ಎಂಬತ್ತು ಮುಖಗಳ ಫ್ಲೆಕ್ಸು. ಫೋಟೊ ತೆಗೆದ ಕೂಡಲೇ ಬ್ಯಾನರು ಮಡಚುವವರು. ಬಂದ್ ಎಂದರಂತೂ ನನಗೆ ಈಗಲೂ ಮನಸ್ಸು ಒಪ್ಪುವುದಿಲ್ಲ. ತಾನಾಗಿ ಬಾಗಿಲು ಹಾಕಿದ ಅಂಗಡಿ ಬೇರೆ, ಕಲ್ಲಿಗೆ ಹೆದರಿ ಅರ್ಧ ಶಟರ್ ಎಳೆದ ಅಂಗಡಿ ಬೇರೆ. ಸಂಜೆಯ ಹೇಳಿಕೆಯಲ್ಲಿ ಮಾತ್ರ ಎರಡೂ ‘ಸ್ವಯಂಪ್ರೇರಿತ’ವೇ. ಅಂದಿನ ಕೂಲಿ ಅಂದೇ ದುಡಿಯುವ ಹಮಾಲಿಗೆ ಆ ದಿನದ ಲೆಕ್ಕ ಕೊಡುವವರು ಯಾರೂ ಇಲ್ಲ.

ಸಿಟ್ಟು ಹೊರುವ ಆ ಕ್ರಮ ಒಂದೇ ದಿನ ಬಂದದ್ದಲ್ಲ. 1830ರಲ್ಲಿ ನಗರ ಸೀಮೆಯ ರೈತರು ಕಂದಾಯ ಕಟ್ಟುವುದಿಲ್ಲವೆಂದು ಸೇರಿದಾಗ ಆ ಸಭೆಗೆ ಅವರಿಟ್ಟ ಹೆಸರು ‘ಕೂಟ’. ಮರುವರ್ಷ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತ ಬ್ರಿಟಿಷರಿಗೆ ಹೋಗಲು ಅದೇ ನೆಪವಾಯಿತು. ಚಿತ್ರದುರ್ಗದ ಮಗ್ಗುಲಿನ ತುರುವನೂರಿನಲ್ಲಿ 1939ರಲ್ಲಿ ನಡೆದ ಅರಣ್ಯ ಸತ್ಯಾಗ್ರಹದಲ್ಲಿ ಜನ ಕೊಡಲಿ ಹಿಡಿದು ಈಚಲು ಮರ ಕಡಿದರು. ಈಚಲೆಂದರೆ ಹೆಂಡ, ಹೆಂಡವೆಂದರೆ ಸರ್ಕಾರದ ಆದಾಯ. ಮರ ಬಿದ್ದರೆ ಖಜಾನೆಗೆ ಬಿದ್ದಂತೆ. ಮುಂದೆ ಮುಖ್ಯಮಂತ್ರಿಯಾದ ಎಸ್. ನಿಜಲಿಂಗಪ್ಪ ಆಗ ಚಿತ್ರದುರ್ಗದ ವಕೀಲರು, ಆ ಸತ್ಯಾಗ್ರಹದಲ್ಲಿ ಜೈಲು ಕಂಡವರು. 1980ರ ಜುಲೈಯಲ್ಲಿ ನರಗುಂದ, ನವಲಗುಂದದಲ್ಲಿ ಗೋಲಿಬಾರು ಆಯಿತು. ಆ ವರ್ಷವೇ ರೈತ ಸಂಘ ಹುಟ್ಟಿತು, ಹಸಿರು ಟವೆಲ್ ಹೆಗಲಿಗೆ ಬಂತು. ಅಲ್ಲಿಯವರೆಗೆ ಬೆವರು ಒರೆಸಲು ಇದ್ದ ಟವೆಲ್ ಆಮೇಲೆ ಕಚೇರಿಯೊಳಗೆ ಕುರ್ಚಿ ಕೇಳುವ ಟವೆಲ್ ಆಯಿತು. ಅದನ್ನು ಹೊದ್ದವನನ್ನು ಗುಮಾಸ್ತರು ಇವತ್ತಿಗೂ ‘ಬನ್ನಿ’ ಎನ್ನುತ್ತಾರೆ, ಹೊದೆಯದವನನ್ನು ‘ಏನಪ್ಪಾ’ ಎನ್ನುತ್ತಾರೆ. ಎರಡನ್ನೂ ಒಂದೇ ಮಧ್ಯಾಹ್ನ ಕೇಳಿದ್ದೇನೆ.

ಬಸ್ಸು ಹೊರಟು, ತಳುಕು ದಾಟಿ, ಹಾನಗಲ್ಲಿನಲ್ಲಿ ತಿರುಗಿ ಮೊಳಕಾಲ್ಮುರಿಗೆ ಬಂದಾಗ ಎರಡು ಗಂಟೆ. ಬಂಡೆಗುಡ್ಡಗಳ ಮಡಿಲಲ್ಲಿ ಬಿಸಿಲು ಕಾಯಿಸಿಕೊಳ್ಳುವ ಊರು. ಇಲ್ಲಿ ಬೀದಿಗಿಂತ ಮನೆಯೊಳಗೆ ಸದ್ದು ಜಾಸ್ತಿ. ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕೂತವರು ರೇಷ್ಮೆ ಸೀರೆ ನೇಯುತ್ತಾರೆ. ಮೊಳಕಾಲ್ಮುರು ಸೀರೆಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ನೇಕಾರರಿಗೆ ದೂರುಗಳಿಲ್ಲವೇ? ಬೇಕಾದಷ್ಟಿವೆ. ಕೈಮಗ್ಗಕ್ಕೆ ಮೀಸಲಿಟ್ಟ ಬಟ್ಟೆಯನ್ನು ವಿದ್ಯುತ್ ಮಗ್ಗದಲ್ಲಿ ನೇಯುವಂತಿಲ್ಲ ಎನ್ನುವ ಕಾಯ್ದೆ 1985ರಿಂದ ಇದೆ. ನಕಲು ಸೀರೆ ಮಾತ್ರ ಅದೇ ಹೆಸರಲ್ಲಿ, ಅದೇ ಬುಟ್ಟಾ ಹೊತ್ತು ಅಂಗಡಿಗೆ ಬರುತ್ತದೆ. ಬೀದಿಗೆ ಬರುವುದಿಲ್ಲವೇಕೆ ಎಂದು ಒಬ್ಬರನ್ನು ಕೇಳಿದೆ. ಲಾಳಿ ನಿಲ್ಲಿಸದೆ ಹೇಳಿದರು: ‘ಬಸ್ಸಿನೋರು ಸ್ಟ್ರೈಕ್ ಮಾಡಿದ್ರೆ ಊರು ನಿಲ್ತತಿ. ನಾವು ಮಾಡಿದ್ರೆ ನಮ್ ಒಲೆ ನಿಲ್ತತಿ, ಅಷ್ಟೇ.’

ಬೀದಿಗೆ ಬರುವ ಬೇಡಿಕೆಗಳೂ ಈ ಊರಿಗಿವೆ. ಗಡಿಯಾಚೆಯ ಬಳ್ಳಾರಿಗೆ 2013ರಲ್ಲಿ ಸಂವಿಧಾನದ 371ಜೆ ವಿಧಿಯ ವಿಶೇಷ ಸ್ಥಾನ ಸಿಕ್ಕಿತು. ಅಲ್ಲಿನ ಮಕ್ಕಳಿಗೆ ಸೀಟು, ನೌಕರಿಯಲ್ಲಿ ಮೀಸಲಾತಿ. ಒಂದೇ ಮಣ್ಣು, ಒಂದೇ ಬರ, ನಮಗೇಕಿಲ್ಲ ಎಂದು ಮೊಳಕಾಲ್ಮುರು ಕೇಳುತ್ತ ಬಂದಿದೆ. ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಯದು ಇಡೀ ಜಿಲ್ಲೆಯ ಕೂಗು. 2023ರ ಕೇಂದ್ರ ಬಜೆಟ್ಟಿನಲ್ಲಿ ₹5,300 ಕೋಟಿ ಎಂದು ಓದಿದ ದಿನ ಪಟಾಕಿ ಹೊಡೆದವರು, ಆಮೇಲೆ ಅದೇ ಹಣ ಕೇಳಿ ಧರಣಿ ಕೂತರು. ಬರದ ವರ್ಷಗಳಲ್ಲಿ ಮ್ಯಾಸನಾಯಕರ ದೇವರ ಎತ್ತುಗಳಿಗೆ ಮೇವು ಕೊಡಿ ಎಂಬ ಬೇಡಿಕೆ ಬೇರೆ. ಗೇಯದ, ಮಾರದ, ಕಿಲಾರಿಗಳ ಬೆನ್ನಿಗೆ ಅಡವಿಯಲ್ಲಿ ತಿರುಗುವ ಆ ಎತ್ತುಗಳ ಪರವಾಗಿ ಮನುಷ್ಯರು ಅರ್ಜಿ ಬರೆಯುತ್ತಾರೆ.

ಊರಿನಿಂದ ಒಂದಿಷ್ಟು ದೂರದ ಬ್ರಹ್ಮಗಿರಿಗೆ ಮಾರನೆಯ ದಿನ ಹೋದೆ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಈ ಮೂರೂ ಕಡೆ ಅಶೋಕನ ಕಿರುಶಾಸನಗಳನ್ನು ಬಿ.ಎಲ್. ರೈಸ್ 1892ರಲ್ಲಿ ಪತ್ತೆ ಮಾಡಿದರು. ಕರ್ನಾಟಕದ ನೆಲದಲ್ಲಿ ಪ್ರಭುತ್ವ ಬರವಣಿಗೆಯಲ್ಲಿ ಆಡಿದ ಅತ್ಯಂತ ಹಳೆಯ ಮಾತುಗಳಲ್ಲಿ ಇವೂ ಸೇರಿವೆ. ಆ ಮಾತು ಶುರುವಾಗುವುದು ಹೇಗೆ? ಸುವರ್ಣಗಿರಿಯ ಅಧಿಕಾರಿಗಳು ಇಸಿಲದ ಅಧಿಕಾರಿಗಳ ಆರೋಗ್ಯ ವಿಚಾರಿಸುವುದರಿಂದ! ಕಚೇರಿಯಿಂದ ಕಚೇರಿಗೆ ಹೋದ ಸುತ್ತೋಲೆ ಅದು. ಜನ ಆಮೇಲೆ ಬರುತ್ತಾರೆ. ಎರಡು ಸಾವಿರದ ಇನ್ನೂರು ಚಿಲ್ಲರೆ ವರ್ಷ ಕಳೆದರೂ ಸರ್ಕಾರಿ ಪತ್ರದ ಜಾಯಮಾನ ಹೆಚ್ಚು ಬದಲಾದಂತಿಲ್ಲ. ಕೊನೆಯಲ್ಲಿ ಚಪಡನೆಂಬ ಲಿಪಿಕಾರನ ಸಹಿ. ಶಾಸನ ಬ್ರಾಹ್ಮಿಯಲ್ಲಿ, ‘ಲಿಪಿಕಾರ’ ಎಂಬ ಪದ ಮಾತ್ರ ವಾಯವ್ಯದ ಖರೋಷ್ಠಿಯಲ್ಲಿ, ಗುಮಾಸ್ತನ ಸೀಲಿನಂತೆ.

ಅಶೋಕನಿಗೆ ಅನ್ಯಾಯವಾಗಬಾರದು. ಅವನ ಆರನೇ ಬಂಡೆಶಾಸನ ಈ ಗುಡ್ಡಗಳಲ್ಲಿಲ್ಲ, ಗಿರ್ನಾರ್ ಮೊದಲಾದ ಕಡೆ ಇದೆ. ತಾನು ಊಟ ಮಾಡುತ್ತಿರಲಿ, ಅಂತಃಪುರದಲ್ಲಿರಲಿ, ಉದ್ಯಾನದಲ್ಲಿರಲಿ, ಜನರ ವಿಷಯವನ್ನು ಯಾವ ಹೊತ್ತಿನಲ್ಲೂ ತಂದು ತಿಳಿಸಬೇಕು ಎಂದು ಅದರಲ್ಲಿ ಅಪ್ಪಣೆಯಿದೆ. ಬಾಗಿಲು ಯಾವಾಗಲೂ ತೆರೆದಿದೆ ಎಂದು ಕಲ್ಲಿನಲ್ಲಿ ಕೊರೆಸಿದ ದೊರೆ. ಸಾಹೇಬರು ಮೀಟಿಂಗಿನಲ್ಲಿದ್ದಾರೆ ಎಂಬ ಉತ್ತರ ದೇಶದ ಯಾವ ಮೂಲೆಯಲ್ಲಿ ಕೇಳಿದಾಗಲೂ ನನಗೆ ಆ ಬಂಡೆ ಕಣ್ಣ ಮುಂದೆ ಬರುತ್ತದೆ.

ಬೆಂಗಳೂರು ಈಗ ಪ್ರತಿಭಟನೆಗೊಂದು ಕೊಠಡಿ ಕೊಟ್ಟಿದೆ. 2021ರ ಆದೇಶದ ಪ್ರಕಾರ ನಗರದಲ್ಲಿ ಧರಣಿ ಏನಿದ್ದರೂ ಫ್ರೀಡಂ ಪಾರ್ಕಿನಲ್ಲಿ. ಅದು ಹಳೆಯ ಸೆಂಟ್ರಲ್ ಜೈಲು. ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಇದ್ದ ಜಾಗ. ಟ್ರಾಫಿಕ್ಕಿಗೆ ಅನುಕೂಲ, ಒಪ್ಪಿದೆ. ಆದರೆ ಅಲ್ಲಿ ಕೂತವರ ಎದುರಿಗೆ ಯಾರ ಬಾಗಿಲೂ ಇಲ್ಲ. ಚಳ್ಳಕೆರೆಯ ಅಜ್ಜಿ ತನ್ನ ಎರಡನೇ ಕಾಯಿಯನ್ನು ಅಲ್ಲಿ ಯಾರಿಗೆ ಒಡೆದು ತೋರಿಸಬೇಕು?

ಬಾಗಿಲಿಲ್ಲದಿದ್ದರೆ ಏನಾಗುತ್ತದೆ ಎಂದು ನೋಡಲು ಬೆಂಗಳೂರಿಗೆ ಹೋಗಬೇಕಾಗಿಯೂ ಇಲ್ಲ. ಚಳ್ಳಕೆರೆಗೆ ವಾಪಸು ಬಂದು ನಾಯಕನಹಟ್ಟಿಯ ದಾರಿ ಹಿಡಿದರೆ ಕುದಾಪುರದ ಆಸುಪಾಸಿನಲ್ಲಿ ರಸ್ತೆಯ ಪಕ್ಕ ಗೋಡೆ ಶುರುವಾಗುತ್ತದೆ. ಮುಗಿಯಿತು ಎಂದುಕೊಳ್ಳುತ್ತೇವೆ, ಮುಗಿಯುವುದಿಲ್ಲ. ಇದು ಅಮೃತ ಮಹಲ್ ಕಾವಲು. ಮೈಸೂರು ಒಡೆಯರ ಬೆಣ್ಣೆ ಚಾವಡಿಯ ದನಗಳಿಗೆ, ಟಿಪ್ಪು ಅಮೃತ ಮಹಲ್ ಎಂದು ಹೆಸರಿಟ್ಟ ಮೇಲೆ ಫಿರಂಗಿ ಎಳೆಯುವ ಎತ್ತುಗಳಿಗೆ ಮೀಸಲಾಗಿದ್ದ ಹುಲ್ಲುಗಾವಲು. ಎತ್ತಿನ ದಂಡು ಕರಗಿದ ಮೇಲೂ ಸುತ್ತಲ ಹಳ್ಳಿಗಳ ಕುರಿ, ದನ ಇಲ್ಲೇ ಮೇದವು. ಚಳ್ಳಕೆರೆಯ ಕಂಬಳಿಗೆ ಉಣ್ಣೆ ಕೊಟ್ಟ ಕುರಿ ತಿಂದದ್ದು ಈ ಹುಲ್ಲು. ನೋಡುವವನಿಗೆ ಬರಡು, ಸರ್ಕಾರಿ ಕಡತವೂ ಹಾಗೆಯೇ ನೋಡಿತು. 2008ರಿಂದ 2010ರ ಹೊತ್ತಿಗೆ ಸುಮಾರು 10,000 ಎಕರೆ ಕಾವಲು ಬೇರೆ ಬೇರೆ ಸಂಸ್ಥೆಗಳಿಗೆ ಹೋಯಿತು. ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒಗೆ 4,000 ಎಕರೆಗೂ ಮೇಲೆ, ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ, ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ, ಇಸ್ರೊಗೆ, ಒಂದು ಖಾಸಗಿ ಸೌರವಿದ್ಯುತ್ ಕಂಪನಿಗೆ.

ದೊಡ್ಡ ಉಳ್ಳಾರ್ತಿ ಮತ್ತಿತರ ಊರುಗಳ ಬಹಳ ಜನರಿಗೆ ವಿಷಯ ತಿಳಿದದ್ದು ಗೋಡೆ ಏಳಲು ತೊಡಗಿದಾಗ. ಅವರು ತಮಗೆ ಗೊತ್ತಿದ್ದುದನ್ನೆಲ್ಲ ಮಾಡಿದರು. ಹೋರಾಟ ಸಮಿತಿ ಕಟ್ಟಿದರು, ಮೆರವಣಿಗೆ ಹೋದರು, ಧರಣಿ ಕೂತರು, ಮನವಿ ಕೊಟ್ಟರು. ತಮಟೆ, ಘೋಷಣೆ, ಸೀಲು, ಎಲ್ಲ ಇತ್ತು. ಇಲ್ಲದ್ದು ಹೊರಗೆ ಬರುವ ಒಬ್ಬ ಮನುಷ್ಯ. ತಾಲ್ಲೂಕು ಕಚೇರಿಯ ಕೈಯಲ್ಲಿ ವಿಷಯವಿರಲಿಲ್ಲ. ಜಿಲ್ಲೆಯಿಂದ ಬೆಂಗಳೂರು, ಬೆಂಗಳೂರಿನಿಂದ ದೆಹಲಿ, ಅಲ್ಲಿಂದ ಮುಂದೆ ದೇಶದ ಭದ್ರತೆ ಎಂಬ ಮಾತು. ಆ ಮಾತಿಗೆ ಹೊಸ್ತಿಲೇ ಇಲ್ಲ. ಕೊನೆಗೆ ವ್ಯಾಜ್ಯ ಚೆನ್ನೈನ ಹಸಿರು ನ್ಯಾಯಮಂಡಳಿಗೆ ಹೋಯಿತು. 2013ರಲ್ಲಿ ತಡೆ ಸಿಕ್ಕಿತು. 2014ರ ಅಂತಿಮ ಆದೇಶ ಷರತ್ತುಗಳನ್ನು ಹಾಕಿತೇ ಹೊರತು ಯೋಜನೆಗಳನ್ನು ನಿಲ್ಲಿಸಲಿಲ್ಲ. ಮೆಟ್ಟಿಲ ಮುಂದೆ ಕೂತು ಕೇಳುವ ಜನಕ್ಕೆ, ವಕೀಲರು ಇಂಗ್ಲಿಷಿನಲ್ಲಿ ವಾದಿಸುವ ಜಾಗದಲ್ಲಿ ಮಾಡಲು ಕೆಲಸವಿರಲಿಲ್ಲ.

2017ರ ಮೇಯಲ್ಲಿ ಅರುಣ್ ಜೇಟ್ಲಿ ಇಲ್ಲಿ ವೈಮಾನಿಕ ಪರೀಕ್ಷಾ ವಲಯವನ್ನು ಉದ್ಘಾಟಿಸಿದರು. 2023ರ ಏಪ್ರಿಲ್ 2ರ ಬೆಳಗ್ಗೆ ಚಿನೂಕ್ ಹೆಲಿಕಾಪ್ಟರ್ ಸುಮಾರು ನಾಲ್ಕೂವರೆ ಕಿ.ಮೀ. ಎತ್ತರದಿಂದ ಬಿಟ್ಟ ಇಸ್ರೊದ ರೆಕ್ಕೆಯ ನೌಕೆ ತಾನಾಗಿ ಬಂದು ಇಲ್ಲಿನ ರನ್‌ವೇ ಮೇಲೆ ಇಳಿಯಿತು. ಅದು ಹೆಮ್ಮೆಯ ಕೆಲಸ, ಅನುಮಾನವಿಲ್ಲ. ಆ ನೆಲ ಬರಡಾಗಿತ್ತು ಎನ್ನುವುದನ್ನು ಮಾತ್ರ ಆ ಹೆಮ್ಮೆಯೊಳಗೆ ಸೇರಿಸಬಾರದು.

ಗೋಡೆಯ ನೆರಳಿಗೆ ಒಬ್ಬರು ಕುರಿ ಬಿಟ್ಟುಕೊಂಡು ಕೂತಿದ್ದರು. ಅರವತ್ತು ದಾಟಿರಬೇಕು. ಹೆಗಲ ಮೇಲೆ ಕಂಬಳಿ, ಕಿವಿಯಲ್ಲಿ ಅರ್ಧ ಬೀಡಿ. ಯಾರ ಪೈಕಿ, ಯಾವೂರು ಎಂದೆಲ್ಲ ನನ್ನನ್ನೇ ವಿಚಾರಿಸಿಕೊಂಡ ಮೇಲೆ ಮಾತಿಗೆ ಸಿಕ್ಕರು.

‘ಆವಾಗ ಸ್ಟ್ರೈಕಿಗೆ ನೀವೂ ಹೋಗಿದ್ರಾ?’

‘ಹೋಗ್ದೆ ಏನು! ಕುರೀನ ಭಾವಮೈದುನನ ಕೈಗೆ ಕೊಟ್ಟು ಮೂರು ದಿನ ಹೋಗಿದ್ದೆ.’

‘ಮನವಿ ಯಾರಿಗೆ ಕೊಟ್ರಿ?’

‘ಗೋಡೆ ಕಟ್ಟೋ ಮೇಸ್ತ್ರಿಗೆ ಕೊಡಾಕಾಗ್ತತಾ? ಆಫೀಸಿಗೇ ಕೊಟ್ವಿ.’ ಸ್ವಲ್ಪ ಹೊತ್ತು ಬಿಟ್ಟು, ‘ಸೀಲು ಹಾಕ್ಸಿದ್ದು ಒಂದು ಜೆರಾಕ್ಸು ನಮ್ಮನೇಲೂ ಐತೆ. ಟ್ರಂಕಿನಾಗೆ. ಪಾಣಿ ಜೊತೆ’ ಎಂದರು.

‘ಇನ್ನೂ ಯಾಕೆ ಇಟ್ಕೊಂಡಿದೀರಿ?’

‘ಕೇಳಿದ್ವಿ ಅಂತ ಇರ್ಲಿ ಬಿಡಣ್ಣ.’

ಅಷ್ಟರಲ್ಲಿ ಟಗರೊಂದು ಗೋಡೆಯ ಬುಡಕ್ಕೆ ಮುಂಗಾಲು ಕೊಟ್ಟು, ಕಲ್ಲಿನ ಸಂದಿಯಲ್ಲಿ ಹುಟ್ಟಿದ್ದ ಹಸಿರಿಗೆ ಬಾಯಿ ಹಾಕುತ್ತಿತ್ತು. ಅವರು ಎದ್ದು, ಹುರ್ರ್ ಎಂದು ಕೂಗಿ, ಕೋಲು ಎತ್ತಿಕೊಂಡು ಅದರ ಕಡೆ ಹೋದರು.